ಡಬ್ಬದ ಬಟಾಣಿಯ ಬಸ್ಸಾರು

ಸೌಟು ಹಿಡಿದಾಗ ಬಾರದ ರುಚಿ ಕೆಲವರ ಕೈಗೆ ಪೆನ್ನು ಹಿಡಿದಾಗ ಬರುತ್ತದೆ. ನಾನು ಆ ಪೈಕಿಯವಳು. ನಾನು ಮಾಡಿದ ಹುಳಿ ಉಂಡವರು ಏನೂ ಮಾತಾಡದೆ ಎದ್ದು ಕೈ ತೊಳೆಯುತ್ತಾರೆ. ಅದೇ ಹುಳಿಯ ವರ್ಣನೆಯನ್ನು ಕಾಗದದಲ್ಲಿ ಬರೆದರೆ ಓದಿದವರ ಬಾಯಲ್ಲಿ ನೀರೂರುತ್ತದೆ. ಮದುವೆಯಾಗಿ ಗುಬ್ಬಿಯಿಂದ ತುಮಕೂರಿಗೆ ಬಂದ ಹೊಸದರಲ್ಲಿ ನಮ್ಮತ್ತೆ ಒಂದು ವಾರ ನನ್ನ ಅಡುಗೆ ಉಂಡರು. ಎಂಟನೆಯ ದಿನ, "ನೀನು ಹೆಚ್ಚಿ ಕೊಡು ಸಾಕು ಗಿರಿಜಾ, ಒಲೆ ಮುಂದೆ ನಾನ್ ಕೂತ್ಕತೀನಿ" ಎಂದು ಅಧಿಕಾರ ವಾಪಸು ತೆಗೆದುಕೊಂಡರು. ನಾಲ್ಕು ದಿನ ನಾನು ಹೆಚ್ಚಿದ ಹುರುಳೀಕಾಯಿ ನೋಡಿದ ಮೇಲೆ, "ಇದು ನಮಗಾ, ಹಸೂಗಾ?" ಎಂದು ಕೇಳಿ ಈಳಿಗೆಮಣೆಯನ್ನೂ ತಮ್ಮ ಕಡೆಗೆ ಎಳೆದುಕೊಂಡರು. ನನ್ನ ಪಾಲಿಗೆ ಉಳಿದದ್ದು ಕಾಫಿ ಸೋಸುವುದು ಮತ್ತು ಮನೆಯವರೆಲ್ಲರ ಪರವಾಗಿ ಕಾಗದ ಬರೆಯುವುದು. ಎರಡನೆಯದರಲ್ಲಿ ನಾನು ಮಾಡಿದ ಘನಕಾರ್ಯವನ್ನು ಇಷ್ಟು ವರ್ಷದ ಮೇಲೆ ಒಪ್ಪಿಕೊಳ್ಳುತ್ತಿದ್ದೇನೆ.

ಎಪ್ಪತ್ತರ ದಶಕದ ಕೊನೆಯ ಮಾತು. ನನ್ನ ತಮ್ಮ ಬಸವರಾಜ ಮಿಲಿಟರಿಯಲ್ಲಿದ್ದ. ಹಿಮ ಬೀಳುವ ಯಾವುದೋ ಸೀಮೆ. ಎಲ್ಲಿ ಎಂದು ಹೇಳುವಂತಿಲ್ಲವಂತೆ, ಹೇಳಿದ್ದರೂ ನಮಗೆ ಗೊತ್ತಾಗುತ್ತಿರಲಿಲ್ಲ. ಅಮ್ಮ ತೀರಿಕೊಂಡಾಗ ಅವನಿಗೆ ಎಂಟು ವರ್ಷ, ನನಗೆ ಹದಿಮೂರು. ಅವತ್ತಿನಿಂದ ಗುಬ್ಬಿಯ ಮನೆಯ ಅಡುಗೆ ನನ್ನ ಕೈಗೆ ಬಂತು. ನನ್ನ ಸಾರು ಬಸುವಿನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆಗ ಅವನ ಪಕ್ಕದಲ್ಲಿ ಕೂತು, "ಇದು ಮದುವೆಮನೆ ಸಾರು ಕಣೋ, ದೊಡ್ಡ ಕೊಳಗದಲ್ಲಿ ಕುದೀತಾ ಇದೆ, ಅಡುಗೆ ಭಟ್ರು ಮೇಲೆ ತುಪ್ಪ ಸುರೀತಾ ಇದಾರೆ, ವಾಸನೆ ಬಂತಾ?" ಎಂದು ಹೇಳಿ ಹೇಳಿ ತುತ್ತು ಇಳಿಸುತ್ತಿದ್ದೆ. ನನ್ನ ಸಾಹಿತ್ಯಸೇವೆ ಶುರುವಾದದ್ದು ಹೀಗೆ, ಕೆಟ್ಟ ಸಾರಿನ ರಕ್ಷಣೆಗಾಗಿ.

ಆ ತಮ್ಮ ಮೊದಲನೇ ಸಲ ರಜಕ್ಕೆ ಬಂದು ವಾಪಸು ಹೊರಟ ದಿನ ರೈಲಿಗೆ ಮುಂಚೆ ನಮ್ಮ ಮನೆಗೆ ಬಂದ. ಟ್ರಂಕಿನಿಂದ ಎರಡು ತಗಡಿನ ಡಬ್ಬ ತೆಗೆದು ನನ್ನ ಕೈಗಿಟ್ಟ. ಮೇಲೆ ಹಸಿರು ಬಟಾಣಿಯ ಚಿತ್ರ. "ಮಿಲಿಟರಿ ಕ್ಯಾಂಟೀನಿಂದು ಅಕ್ಕ. ನಮ್ಮ ಕಡೆ ಎಲ್ಲೂ ಸಿಗಲ್ಲ. ನಿಂಗೇ ಅಂತ ತಂದೆ" ಎಂದು ಹೇಳಿ ಹೊರಟುಹೋದ. ಎರಡು ಸಾವಿರ ಮೈಲಿ ಹೊತ್ತು ತಂದ ಬಟಾಣಿ! ನಾನು ಡಬ್ಬಗಳನ್ನು ಸೆರಗಿನಿಂದ ಒರೆಸಿ ಅತ್ತೆಯ ಮುಂದೆ ಇಟ್ಟೆ.

ನಮ್ಮತ್ತೆ ಹುಲಿಯೂರುದುರ್ಗದವರು. ಬೆಳಿಗ್ಗೆ ಲಿಂಗಪೂಜೆ ಮುಗಿಯದೆ ಒಂದು ಗುಟುಕು ನೀರು ಕುಡಿದವರಲ್ಲ. ತಂಗಳಿನ ವಿಷಯದಲ್ಲಿ ಅವರಿಗೆ ಅವರದೇ ಶಾಸನವಿತ್ತು. ರಾತ್ರಿಯ ಮುದ್ದೆಯನ್ನು ಬೆಳಿಗ್ಗೆ ಮಜ್ಜಿಗೆಗೆ ಕಿವುಚಿ ಕುಡಿದರೆ ಅದು ತಂಗಳಲ್ಲ, ತಂಪು, ಅದರಾಚೆಗಿನದೆಲ್ಲ ತಂಗಳು. ಅವರು ಡಬ್ಬವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಇದ್ನ ಯಾವಾಗ್ ತುಂಬವ್ರೆ?" ಎಂದು ಕೇಳಿದರು. ನಮ್ಮ ಯಜಮಾನರು ಡಬ್ಬ ತಿರುಗಿಸಿ ತಳದಲ್ಲಿದ್ದ ತಾರೀಖು ಓದಿ, ಆರು ತಿಂಗಳಾಯಿತು ಎಂದರು.

"ಒಳಗಿರೋದು ಬೆಂದೈತಾ, ಹಸೀದಾ?"

ಅದು ಯಾರಿಗೂ ಗೊತ್ತಿರಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾಗಿದ್ದ ನನಗೆ ಡಬ್ಬದ ಮೇಲಿನ ಇಂಗ್ಲಿಷಿನ ದಪ್ಪ ಅಕ್ಷರ ಓದಲು ಬರುತ್ತಿತ್ತು; ಸಣ್ಣ ಅಕ್ಷರಕ್ಕೆ ಬೇಕಾದ ತಾಳ್ಮೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಅತ್ತೆ ತೀರ್ಪು ಕೊಟ್ಟರು: "ಬೆಂದಿದ್ರೆ ಆರ್ ತಿಂಗ್ಳ ತಂಗ್ಳು. ಹಸೀದಾದ್ರೆ ಆರ್ ತಿಂಗ್ಳಿಂದ ನೀರ್ನಾಗೆ ಕೊಳೀತಾ ಐತೆ. ಎರಡ್ರಲ್ಲಿ ಯಾವುದ್ ಉಣ್ಲಿ, ನೀನೇ ಯೋಳು. ಬುಡು, ಅತ್ಲಾಗಿಡು." ಈ ತರ್ಕಕ್ಕೆ ಉತ್ತರ ಕೊಡಬಲ್ಲ ವಕೀಲರು ತುಮಕೂರಿನ ಕೋರ್ಟಿನಲ್ಲೂ ಇದ್ದಿರಲಾರರು.

ಅತ್ಲಾಗಿಟ್ಟ ಡಬ್ಬಗಳು ಸುಮ್ಮನೆ ಕೂರಲಿಲ್ಲ. ಒಂದು ಉಪ್ಪಿನಕಾಯಿ ಜಾಡಿಯ ತಟ್ಟೆಯ ಮೇಲೆ ಭಾರಕ್ಕೆ ಹೋಯಿತು. ಇನ್ನೊಂದು ಗಾಳಿಗೆ ಬಡಿದುಕೊಳ್ಳುತ್ತಿದ್ದ ಹಿತ್ತಲ ಬಾಗಿಲನ್ನು ಹಿಡಿದು ನಿಂತಿತು. ಬಸುವಿನ ಜೊತೆ ಮಿಲಿಟರಿಯಲ್ಲಿದ್ದ ಸ್ನೇಹಿತ, ತುಮಕೂರಿನ ಹತ್ತಿರದ ಕೋರದ ಹುಡುಗ, ರಜಕ್ಕೆ ಬಂದಾಗ ಇನ್ನೆರಡು ತಂದುಕೊಟ್ಟ; ಮುಂದಿನ ರಜದಲ್ಲಿ ಮತ್ತೆರಡು. ಅದರಲ್ಲೊಂದನ್ನು ನಮ್ಮ ಯಜಮಾನರು ಆಫೀಸಿನ ಕಾಗದ ಹಾರದಂತೆ ಮೇಜಿನ ಮೇಲಿಟ್ಟುಕೊಂಡರು. ಪಕ್ಕದ ಮನೆಯ ಜುಬೇದಾ ರಂಜಾನಿಗೆ ಮುಂಚೆ ಮಾಳಿಗೆಯ ಮೇಲೆ ಶ್ಯಾವಿಗೆ ಒಣಗಿಸುವಾಗ ಬಟ್ಟೆಯ ನಾಲ್ಕು ಮೂಲೆಗೂ ಡಬ್ಬ ಕೇಳಿ ಪಡೆಯುತ್ತಿದ್ದಳು. ಬಟಾಣಿಯನ್ನು ಯಾರೂ ತಿನ್ನದಿದ್ದರೂ ಅದರ ಭಾರಕ್ಕೆ ಬೇಡಿಕೆ ಚೆನ್ನಾಗಿತ್ತು.

ಮೊದಲ ಎರಡು ಡಬ್ಬ ಅತ್ಲಾಗಿ ಹೋದ ತಿಂಗಳಲ್ಲೇ ತಮ್ಮನ ಕಾಗದ ಬಂದಿತ್ತು: "ಬಟಾಣಿ ಹೇಗಿತ್ತು ಅಕ್ಕ?" ಉಪ್ಪಿನಕಾಯಿಯ ಮೇಲೆ ಕೂತಿದೆ ಎಂದು ಹೇಗೆ ಬರೆಯಲಿ? ಅಲ್ಲಿಯವರೆಗೆ ನಾನು ಅವನಿಗೆ ಬರೆಯುತ್ತಿದ್ದ ಕಾಗದ ಎಂದರೆ, ನಾವೆಲ್ಲ ಇಲ್ಲಿ ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆ, ಈ ಸಲ ಮಳೆ ತಡ, ಇಷ್ಟೇ. ಇನ್‌ಲ್ಯಾಂಡಿನ ಮುಕ್ಕಾಲು ಪಾಲು ಖಾಲಿ ಹೋಗುತ್ತಿತ್ತು. ಆವತ್ತು ಮಾತ್ರ ಪೆನ್ನು ನಿಲ್ಲಲಿಲ್ಲ. ನಮ್ಮ ಕಡೆ ಕಾಳು ಎಂದ ಮೇಲೆ ಅದು ಬಸ್ಸಾರಿಗೇ ಹುಟ್ಟಿದ್ದು. ಕಾಳನ್ನು ಬೇಯಿಸಿ ನೀರು ಬಸಿದು, ಆ ನೀರಿಗೆ ಮಸಾಲೆ ರುಬ್ಬಿ ಹಾಕಿ ಸಾರು. ಬಸಿದುಳಿದ ಕಾಳಿಗೆ ಒಗ್ಗರಣೆ ಕೊಟ್ಟು ಪಲ್ಯ. ಬಸಿದ ನೀರು ಚೆಲ್ಲುವವಳು ಸಂಸಾರ ಮಾಡುವವಳಲ್ಲ ಎಂಬುದು ನಮ್ಮ ಸೀಮೆಯ ಕಾನೂನು. ಆದ್ದರಿಂದ ಬರೆದೆ: "ಡಬ್ಬದ ಬಟಾಣಿಯನ್ನು ರಾತ್ರಿಯೇ ನೆನೆಹಾಕಿದ್ದೆ. ಬೆಳಿಗ್ಗೆ ಕುಕ್ಕರಿನಲ್ಲಿ ಮೂರು ಕೂಗು ಕೂಗಿಸಿ ಬಸಿದೆ. ಡಬ್ಬದೊಳಗಿನ ನೀರನ್ನೂ ಚೆಲ್ಲದೆ ಸಾರಿಗೇ ಸೇರಿಸಿದೆ. ಪಲ್ಯಕ್ಕೆ ಕಾಯಿತುರಿ ಉದುರಿಸಿದೆ. ಅತ್ತೆ ಎರಡು ಸಲ ಹಾಕಿಸಿಕೊಂಡರು. ನಿಮ್ಮ ಭಾವ ತೋಳು ಮಡಿಸಿಕೊಂಡು ಕೂತವರು ಮುದ್ದೆ ಮುಗಿದರೂ ಏಳಲಿಲ್ಲ." ಬರೆದಾದ ಮೇಲೆ ಓದಿಕೊಂಡೆ. ನನಗೇ ಹಸಿವಾಯಿತು.

ಸುಳ್ಳು ಹೇಳುವುದು ಕಷ್ಟವಲ್ಲ, ಅದನ್ನು ಸಾಕುವುದು ಕಷ್ಟ. ಬಸು ಮರುಟಪಾಲಿನಲ್ಲೇ ಕೇಳಿದ: "ಒಗ್ಗರಣೆಗೆ ಇಂಗೋ ಬೆಳ್ಳುಳ್ಳಿಯೋ? ಅತ್ತೆ ಬಾಯಿ ಬಿಟ್ಟು ಏನಂದರು? ಭಾವ ಎಷ್ಟು ಮುದ್ದೆ ಉಂಡರು? ವಿವರವಾಗಿ ಬರೆ." ನಾನು ವಿವರವಾಗಿ ಬರೆದೆ. ಇನ್‌ಲ್ಯಾಂಡು ಸಾಲದೆ ಫುಲ್‌ಸ್ಕೇಪ್ ಹಾಳೆ, ಕವರು ಶುರುವಾಯಿತು. ಎರಡನೇ ಸಲದ ಡಬ್ಬಗಳಿಗೆ ನಾಲ್ಕು ಪುಟ. ಅತ್ತೆ "ನಮ್ ದುರ್ಗದ ಅವರೇಕಾಯಿಗೂ ಈ ರುಚಿ ಇಲ್ಲ" ಎಂದರು ಎಂದು ಬರೆದೆ. ಈ ಮಾತನ್ನು ನಿಜವಾಗಿ ಯಾರಾದರೂ ಅವರೆದುರಿಗೆ ಆಡಿದ್ದರೆ ಮನೆಯಿಂದ ಆಚೆಗೆ ಹಾಕುತ್ತಿದ್ದರು. ಖಾಲಿ ಡಬ್ಬಗಳಲ್ಲಿ ಕೊತ್ತಂಬರಿ ಬೆಳೆಸಿದ್ದೇನೆ ಎಂದೂ ಬರೆದೆ.

ಕೊನೆಗೆ ಬರಬೇಕಾದ ಕಾಗದ ಬಂದೇ ಬಂತು. "ಮುಂದಿನ ತಿಂಗಳು ರಜ ಸಿಕ್ಕಿದೆ. ಎರಡು ದಿನ ನಿಮ್ಮಲ್ಲೇ ಇರ್ತೀನಿ. ಡಬ್ಬ ತರ್ತಾ ಇದೀನಿ. ನೀನು ಕಾಗದದಲ್ಲಿ ಬರೆದ ಹಾಗೇ, ನನ್ನ ಕಣ್ಣೆದುರಿಗೇ ಬಸ್ಸಾರು ಮಾಡಿ ಹಾಕಬೇಕು." ಓದಿ ಹೆದರಿದೆ. ಮರ್ಯಾದೆ ಹೋಗುತ್ತದೆಂದು ಭಯವಲ್ಲ. ಅಡುಗೆಯ ವಿಷಯದಲ್ಲಿ ಅದು ಯಾವತ್ತೋ ಹೋಗಿತ್ತು. ತಾಯಿಯಿಲ್ಲದ ಹುಡುಗ ತಾನು ತಿನ್ನದೆ ಹೊತ್ತು ತಂದದ್ದನ್ನು ಅಕ್ಕ ಮುಚ್ಚಳ ಕೂಡ ತೆಗೆಯದೆ ಬಾಗಿಲಿಗೆ ಒತ್ತು ಕೊಟ್ಟಳು ಎಂದು ಗೊತ್ತಾದರೆ ಅವನ ಮುಖ ಹೇಗಾಗಬಹುದು? ಅದನ್ನು ನೆನೆದರೇ ನನಗೆ ಅಳು ಬರುತ್ತಿತ್ತು.

"ನಿಜ ಹೇಳ್ಬಿಡು, ಮುಗಿದೋಗುತ್ತೆ" ಎಂದರು ಯಜಮಾನರು.

"ನೀವು ತೋಳು ಮಡಿಸಿಕೊಂಡು ನಾಲ್ಕು ಮುದ್ದೆ ಉಂಡ್ರಿ ಅಂತ ಬರೆದಿದೀನಿ."

"ನಾಲ್ಕಾ? ಅಲ್ಲ ಕಣೇ, ನನ್ನನ್ಯಾಕೆ ಎಳೆದೆ ಇದ್ರೊಳಗೆ?" ಎಂದು ಅವರು ಪೇಪರು ಅಡ್ಡ ಹಿಡಿದುಕೊಂಡರು.

ನಾಟಕಕ್ಕೆ ಮುಂಚೆ ತಾಲೀಮು ಬೇಕಲ್ಲ. ಒಂದು ಮಧ್ಯಾಹ್ನ, ಅತ್ತೆ ಮಲಗಿದ್ದಾಗ, ಹಿತ್ತಲ ಬಾಗಿಲಿನ ಡಬ್ಬವನ್ನು ಸೆರಗಲ್ಲಿ ಮುಚ್ಚಿಕೊಂಡು ಜುಬೇದಾಳ ಮನೆಗೆ ಹೋದೆ. ಅವಳ ಗಂಡ ಖಲೀಲ್ ಸಾಬರು ತಗಡಿನ ಕೆಲಸದವರು. ಲಾಳಿಕೆ, ಸೀಮೆಎಣ್ಣೆ ಬುಡ್ಡಿ, ಹಿಟ್ಟಿನ ಡಬ್ಬ ಮಾಡಿ ಮಾರುತ್ತಿದ್ದರು. ತಾವು ಮುಚ್ಚಿದ ಡಬ್ಬಗಳಿಗೆ ಲೆಕ್ಕವಿಲ್ಲ, ತುಂಬಿದ ಡಬ್ಬ ಕೊಯ್ಯುವುದು ಇದೇ ಮೊದಲು ಎಂದು ನಗುತ್ತ ಕತ್ತರಿ ತಂದು ಬಿಲ್ಲೆಯಂತೆ ಮುಚ್ಚಳ ಕೊಯ್ದುಕೊಟ್ಟರು. ಒಳಗೆ ಹಸಿರು ನೀರು, ಅದರಲ್ಲಿ ಬಟಾಣಿ. ಜುಬೇದಾ ಒಂದು ಕಾಳು ತೆಗೆದು ಎರಡು ಬೆರಳಲ್ಲಿ ಒತ್ತಿದಳು. ಬೆಣ್ಣೆಯಾಗಿ ಹೋಯಿತು. ಬೆರಳನ್ನು ನಾಲಿಗೆಗೆ ಮುಟ್ಟಿಸಿ ನೋಡಿದಳು.

"ಅಯ್ಯೋ ಅಕ್ಕಾ, ಇದು ಬೆಂದೇ ಬಂದೈತೆ! ಇದ್ಕೆ ಕುಕ್ಕರ್ ಯಾಕೆ? ನೀರು ಚೆಲ್ಬಿಡಿ, ಅದ್ರಲ್ಲಿ ಸಕ್ರೆ ಹಾಕವ್ರೆ. ಒಗ್ಗರಣೆ ಕೊಟ್ಟು ಬಿಸಿ ಮಾಡಿದ್ರೆ ಆಯ್ತು."

ಅವಳು ಬಟಾಣಿಯನ್ನು ಜಾಲರಿಗೆ ಸುರಿದು ನೀರಿನಲ್ಲಿ ಒಮ್ಮೆ ಜಾಲಾಡಿಸಿದಳು. ಬಾಣಲೆಯಲ್ಲಿ ಎಣ್ಣೆ, ಜೀರಿಗೆ, ಹೆಚ್ಚಿದ ಈರುಳ್ಳಿ, ಎರಡು ಹಸಿಮೆಣಸಿನಕಾಯಿ. ಈರುಳ್ಳಿ ಕೆಂಪಗಾದ ಮೇಲೆ ಬಟಾಣಿ ಹಾಕಿ, ಸೌಟಿನಿಂದ ಒತ್ತದೆ ಬಾಣಲೆಯನ್ನೇ ಹಿಡಿದು ಅಲ್ಲಾಡಿಸಿ, ಚಿಟಿಕೆ ಉಪ್ಪು ಹಾಕಿ, ನಿಂಬೆಹಣ್ಣು ಹಿಂಡಿ ಇಳಿಸಿದಳು. ಐದು ನಿಮಿಷ. ಬಾಯಿಗೆ ಹಾಕಿಕೊಂಡೆ. ಬಹಳ ಚೆನ್ನಾಗಿತ್ತು. ಒಂದೂವರೆ ವರ್ಷ ನಮ್ಮ ಹಿತ್ತಲ ಬಾಗಿಲು ಎಂಥದಕ್ಕೆ ಒರಗಿಕೊಂಡಿತ್ತು ಎಂದು ಅವತ್ತು ತಿಳಿಯಿತು.

ಆದರೆ ತಿಳಿದು ಏನು ಮಾಡುವುದು? ನಾನು ಬರೆದಿದ್ದು ನೆನೆಹಾಕಿ, ಮೂರು ಕೂಗು, ಬಸ್ಸಾರು. ಬಸು ಕಾಗದಗಳನ್ನು ಬಾಯಿಪಾಠ ಮಾಡುವ ಹುಡುಗ. ಸರಿಯಾಗಿ ಮಾಡಿದರೆ ಸಿಕ್ಕಿಬೀಳುತ್ತೇನೆ, ತಪ್ಪಾಗಿ ಮಾಡಿದರಷ್ಟೇ ಬಚಾವು. ನಿಜಕ್ಕೆ ಐದು ನಿಮಿಷ ಸಾಕು. ಸುಳ್ಳನ್ನು ಮಾತ್ರ ಹಿಂದಿನ ದಿನವೇ ನೆನೆಹಾಕಬೇಕು. ಸಿಪಾಯಿಗಳಿಗೆ ತಟ್ಟೆಗೆ ಬಿದ್ದದ್ದು ಗೊತ್ತೇ ಹೊರತು ಡಬ್ಬದೊಳಗಿನ ಸಂಗತಿ ಏನು ಗೊತ್ತಿರುತ್ತದೆ ಎಂದು ಧೈರ್ಯ ತಂದುಕೊಂಡೆ.

ಬಸು ಬಂದ. ಬಂದವನೇ ಹಿತ್ತಲಲ್ಲಿ ಕೊತ್ತಂಬರಿ ಎಲ್ಲಿ ಎಂದ. ಹಸು ತಿಂದುಬಿಟ್ಟಿತು ಎಂದೆ. "ಡಬ್ಬ ಸಮೇತಾನಾ?" ಎಂದು ಕೇಳಿದ. ಸಂಜೆ ತಾನೇ ಚಾಕುವಿನಿಂದ ಎರಡು ಡಬ್ಬ ತೆರೆದುಕೊಟ್ಟು ಅಡುಗೆಮನೆಯ ಹೊಸಿಲ ಹತ್ತಿರ ಮಣೆ ಹಾಕಿಕೊಂಡು ಕೂತ. "ನೆನೆ ಹಾಕ್ಬೇಕಲ್ಲ ಅಕ್ಕ?" ಎಂದ. ಹಾಕಬೇಕು ಎಂದೆ. ತಿಂಗಳುಗಟ್ಟಲೆ ನೀರಲ್ಲೇ ಇದ್ದ ಬಟಾಣಿಗೆ, ಡಬ್ಬದ ನೀರನ್ನು ಬೇರೆ ತೆಗೆದಿಟ್ಟು, ಚೊಂಬು ನೀರು ಸುರಿದು ತಟ್ಟೆ ಮುಚ್ಚಿದೆ. ಅವನು ಪೂಜೆಗೆ ಕೂತವನ ಹಾಗೆ ಗಂಭೀರವಾಗಿ ನೋಡುತ್ತಿದ್ದ.

ಬೆಳಿಗ್ಗೆ ಅತ್ತೆ ವಿಭೂತಿ ಹಚ್ಚಿಕೊಳ್ಳುತ್ತಿದ್ದಾಗ ಹೋಗಿ ಮೆಲ್ಲಗೆ ಹೇಳಿದೆ: "ಅತ್ತೆ, ನೀವು ಬಟಾಣಿ ಬಸ್ಸಾರನ್ನ ಎರಡು ಸಲ ಹಾಕಿಸಿಕೊಂಡಿದ್ದೀರಿ."

"ಯಾವಾಗ?"

"ಹೋದ ವರ್ಷ." ಎಲ್ಲವನ್ನೂ ಹೇಳಿದೆ. ದುರ್ಗದ ಅವರೇಕಾಯಿಯ ಮಾತೊಂದನ್ನು ಮಾತ್ರ ನುಂಗಿಕೊಂಡೆ. ಅವರು ಕಣ್ಣು ಮುಚ್ಚಿಕೊಂಡರು. ಅದು ಧ್ಯಾನವೋ ಸಿಟ್ಟೋ ತಿಳಿಯಲಿಲ್ಲ. ಆವತ್ತು ಅಡುಗೆಮನೆಯನ್ನು ಮಾತ್ರ ನನಗೆ ಬಿಟ್ಟುಕೊಟ್ಟರು.

ಪಂಪ್ ಸ್ಟವ್ ಹಚ್ಚಿದೆ. ಅದಕ್ಕೂ ನನಗೂ ಹಳೆಯ ದ್ವೇಷ. ಪಿನ್ನು ಹಾಕಿ, ಪಂಪು ಹೊಡೆದು, ಅದು ಬುಸುಗುಟ್ಟಿ ಹತ್ತಿಕೊಂಡ ಮೇಲೆ ಕುಕ್ಕರು ಏರಿಸಿದೆ. ಒಂದು ಕೂಗಿಗೇ ಸಾಕು ಎಂದು ಮನಸ್ಸು ಹೇಳುತ್ತಿತ್ತು. "ಒಂದಾಯ್ತು" ಎಂದು ಬಸು ಬೆರಳು ಮಡಿಸಿದ. ಎರಡು. ಮೂರು. ಮುಚ್ಚಳ ತೆಗೆದರೆ ಒಳಗೆ ಬಟಾಣಿ ಎಂಬ ವಸ್ತು ಇರಲಿಲ್ಲ. ಗೋಡೆಗೆ ಬಳಿಯುವ ಹದಕ್ಕೆ ಹಸಿರು ಗಸಿ ಇತ್ತು. ಬಸಿಯಲು ಜಾಲರಿಗೆ ಹಾಕಿದೆ. ಅರ್ಧ ಜಾಲರಿಯಲ್ಲಿ ಉಳಿಯಿತು, ಅರ್ಧ ನೀರಿನ ಜೊತೆ ಹೋಯಿತು. ಆ ನೀರಿಗೆ ಡಬ್ಬದ ನೀರು, ಹುರಿದ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಸಾರಿನ ಪುಡಿ, ಹುಣಸೆಹಣ್ಣು. ಕುದಿ ಬಂದ ಮೇಲೆ ರುಚಿ ನೋಡಿದೆ. ಬಸ್ಸಾರೋ ಪಾಯಸವೋ ಎಂದು ನಾಲಿಗೆ ತಬ್ಬಿಬ್ಬಾಯಿತು. ಖಾರ ಹಾಕಿದೆ, ಖಾರದ ಪಾಯಸವಾಯಿತು. ಹುಳಿ ಹಾಕಿದೆ, ಆ ಸಿಹಿ ಹೆದರಲಿಲ್ಲ. ಜಾಲರಿಯ ಗಸಿಗೆ ಸಾಸಿವೆ, ಕರಿಬೇವು, ಒಣಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಟ್ಟೆ. ಒಗ್ಗರಣೆ ಚಟಪಟ ಎಂದಿತು. ಕಾಗದದಲ್ಲಿ ಬರೆದ ಹಾಗೇ ಆದದ್ದು ಅದೊಂದೇ.

ಎಲ್ಲರೂ ಕೂತರು. ಯಜಮಾನರು ಅಂಗಿಯ ತೋಳು ಮಡಿಸಿಕೊಂಡರು. ಅವರ ಮೇಲೆ ನನಗೆ ಅಷ್ಟು ಪ್ರೀತಿ ಬಂದದ್ದು ಬೇರೆ ನೆನಪಿಲ್ಲ. ಅತ್ತೆಯ ತಟ್ಟೆಗೆ ಅರ್ಧ ಸೌಟು ಮಾತ್ರ ಬಡಿಸಿದೆ. ಅವರು ಮುದ್ದೆ ಮುರಿದರು, ಸಾರಿಗೆ ಅದ್ದಿದರು, ಒಂದು ಗಳಿಗೆ ನೋಡಿದರು, ನುಂಗಿದರು. ಆರು ತಿಂಗಳ ತಂಗಳು! ಬಾಗಿಲ ಕಡೆ ತಿರುಗಿ ನಾನು ಕಣ್ಣೊರೆಸಿಕೊಂಡೆ.

ಬಸು ಸೌಟು ಎತ್ತಿ, "ಅತ್ತೆ, ಇನ್ನೊಂದ್ಸಲ ಹಾಕ್ಲಾ? ನೀವು ಎರಡ್ ಸಲ ಹಾಕಿಸ್ಕೊಂಡ್ರಂತಲ್ಲ" ಎಂದ.

ಅತ್ತೆ ನನ್ನನ್ನೊಮ್ಮೆ ನೋಡಿ, ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು ಹೇಳಿದರು: "ಹೂಂ ಕಣಪ್ಪ, ಹಾಕುಸ್ಕಂಡಿದ್ದೆ. ಆವತ್ತೇ ಎರಡ್ ದಪ ಆಗೈತಲ್ಲ, ಅದ್ಕೇ ಇವತ್ತು ಒಂದೇ ಸಾಕು."

ಊಟವಾದ ಮೇಲೆ ಬಸು ಜಗಲಿಯ ಮೇಲೆ ಕೂತಿದ್ದ. ನಾನು ಎಲೆ ಅಡಿಕೆ ತಟ್ಟೆ ತೆಗೆದುಕೊಂಡು ಹೋದೆ. ಗೆದ್ದೆ ಎಂದುಕೊಂಡಿದ್ದೆ. ಅವನು ಅಡಿಕೆ ಬಾಯಿಗೆ ಹಾಕಿಕೊಂಡು, "ಅಕ್ಕ, ಆ ಬಟಾಣಿ ಬೆಂದೇ ಡಬ್ಬಕ್ಕೆ ಹೋಗೋದು" ಎಂದ.

"ನಿಂಗೆ ಹೇಗೆ ಗೊತ್ತು?"

"ವಾರಕ್ಕೆ ಮೂರು ದಿನ ಅದನ್ನೇ ತಿನ್ನೋದು ಕಣಕ್ಕ. ಡಬ್ಬ ತೆರೆಯೋ ಡ್ಯೂಟಿ ನಂದೂ ಬರುತ್ತೆ. ನೆನೆ ಹಾಕ್ದೆ, ಮೂರ್ ಕೂಗು ಕೂಗಿಸ್ದೆ ಅಂತ ಬರೆದೆಯಲ್ಲ, ಮೊದಲ್ನೇ ಕಾಗದದಲ್ಲೇ ಗೊತ್ತಾಯ್ತು ನೀನು ಅದನ್ನ ತೆರೆದೇ ಇಲ್ಲ ಅಂತ."

ನನಗೆ ನಾಚಿಕೆಗಿಂತ ಹೆಚ್ಚಾಗಿ ಸಂಕಟವಾಯಿತು. "ಗೊತ್ತಿದ್ದೂ ಮತ್ತೆ ಮತ್ತೆ ಯಾಕೋ ಕಳಿಸ್ದೆ?" ಎಂದೆ.

"ಇನ್ನೇನ್ ಮಾಡ್ಲಿ? ಡಬ್ಬ ಕಳಿಸ್ದಿದ್ರೆ ನಾವೆಲ್ಲ ಕ್ಷೇಮ, ಮಳೆ ತಡ ಅಂತ ಎರಡು ಸಾಲು ಬರೀತಿದ್ದೆ. ಡಬ್ಬ ಕಳಿಸಿದ್ರೆ ನಾಲ್ಕು ಪುಟ." ಅವನು ನಗುತ್ತಲೇ ಹೇಳುತ್ತಿದ್ದ, ಆದರೆ ನನ್ನ ಕಡೆ ನೋಡುತ್ತಿರಲಿಲ್ಲ. "ಅಲ್ಲಿ ಕೋರದವನೂ ನಾನೂ ಒಣ ರೊಟ್ಟಿ ಮುಂದಿಟ್ಕೊಂಡು ನಿನ್ ಕಾಗದ ಓದ್ಕೊಂಡೇ ಊಟ ಮಾಡೋದು. ಒಗ್ಗರಣೆ ಹತ್ರ ಬಂದಾಗ ಅವನು, ಇನ್ನೊಂದ್ಸಲ ಓದೋ ಅಂತಾನೆ. ಸಣ್ಣವನಿದ್ದಾಗ್ಲೂ ಅಷ್ಟೇ ಅಲ್ವಾ, ನಿನ್ ಸಾರು ಇಳೀತಿದ್ದಿದ್ದು ನಿನ್ ಮಾತಿಂದ."

"ಮತ್ತೆ ಇವತ್ಯಾಕೆ ನನ್ನ ಕೈಲಿ ಮಾಡಿಸ್ದೆ?"

"ಅಷ್ಟು ಚೆನ್ನಾಗಿ ಬರೀತೀಯ, ಎಲ್ಲೋ ಕೈ ಪಳಗಿರಬಹುದು ಅಂತ ಒಂದು ಆಸೆ ಇತ್ತು." ಅವನು ಹೊಟ್ಟೆ ಸವರಿಕೊಂಡ. "ಬರೆಯೋದು ಮಾತ್ರ ನಿಲ್ಲಿಸ್ಬೇಡ ಅಕ್ಕ. ಮಾಡೋಕ್ ಹೋಗ್ಬೇಡ."

ತಮ್ಮನ ಮಾತನ್ನು ನಾನು ಮೀರಲಿಲ್ಲ. ಅವನು ಮಿಲಿಟರಿ ಬಿಟ್ಟು ಬರುವವರೆಗೂ ಡಬ್ಬಗಳು ಬಂದವು, ಕಾಗದಗಳು ಹೋದವು. ಡಬ್ಬಗಳನ್ನು ಜುಬೇದಾ ಐದು ನಿಮಿಷದಲ್ಲಿ ಮುಗಿಸಿಕೊಡುತ್ತಿದ್ದಳು. ಕಾಗದಕ್ಕೆ ನನಗೆ ಎರಡು ಮಧ್ಯಾಹ್ನ ಬೇಕಾಗುತ್ತಿತ್ತು. ಅತ್ತೆ ಆಮೇಲೆ ಬಟಾಣಿಯನ್ನು ಮುಟ್ಟಲಿಲ್ಲ. ಆದರೆ ನಾನು ಬರೆಯಲು ಕೂತರೆ ಬಂದು ಪಕ್ಕದಲ್ಲಿ ಕೂತು, "ಈ ದಪ ನಾನು ಮೂರ್ ಸಲ ಹಾಕುಸ್ಕಂಡೆ ಅಂತ ಬರಿ, ಹುಡ್ಗ ಖುಸಿ ಪಡ್ಲಿ" ಎನ್ನುತ್ತಿದ್ದರು. ಹಾಗೆ ಶುರುವಾದ ಬರವಣಿಗೆ ಇವತ್ತಿನವರೆಗೂ ನಡೆದಿದೆ. ಒಂದೇ ತೊಂದರೆ ಉಳಿದಿದೆ. ನನ್ನ ಬರಹ ಬಹಳ ಚೆನ್ನಾಗಿದೆ, ಬರೆಯುತ್ತಲೇ ಇರಿ, ಬೇರೆ ಏನೂ ಮಾಡಬೇಡಿ ಎಂದು ಯಾರಾದರೂ ಹೊಗಳಿದರೆ, ಇವರು ಯಾವತ್ತೋ ನಮ್ಮ ಮನೆಯಲ್ಲಿ ಊಟ ಮಾಡಿರಬೇಕು ಎಂದು ನನಗೆ ಅನುಮಾನ ಬರುತ್ತದೆ.